ಎಲ್ಲರೂ ಒಳಗೆ ಓಡಿದಾಗ ಹೊರಗೆ ಉಳಿಯುವವರು: ವಾಯುದಾಳಿ ವಾರ್ಡನ್ ಅಂದರೆ ಯಾರು?

2025ರ ಮೇ 7ರಂದು ದೇಶದಲ್ಲೆಲ್ಲ ಸಿವಿಲ್ ಡಿಫೆನ್ಸ್ ಮಾಕ್ ಡ್ರಿಲ್, ಅಂದರೆ ದಾಳಿಯಾದರೆ ನಾಗರಿಕರು ಏನು ಮಾಡಬೇಕು ಅನ್ನುವ ಅಣಕು ತಾಲೀಮು, ಮಾಡಿ ಅಂತ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಹೇಳಿತ್ತು. 244 ಸಿವಿಲ್ ಡಿಫೆನ್ಸ್ ಜಿಲ್ಲೆಗಳ ಆ ಪಟ್ಟಿಯಲ್ಲಿ ನಮ್ಮ ಬೆಂಗಳೂರು, ಕಾರವಾರ, ರಾಯಚೂರು ಕೂಡ ಇದ್ದವು. 1971ರ ಯುದ್ಧದ ಸೈರನ್, ಕಿಟಕಿಗೆ ಅಂಟಿಸಿದ ಕಪ್ಪು ಕಾಗದ ನೆನಪಿರುವ ಹಿರಿಯರನ್ನು ಬಿಟ್ಟರೆ ಉಳಿದವರಿಗೆ ಇದೆಲ್ಲ ಹೊಸದು. ಸೈರನ್ ಕೂಗಿದರೆ ಏನು ಮಾಡಬೇಕು, ದೀಪ ಯಾಕೆ ಆರಿಸಬೇಕು ಅನ್ನೋದರ ಬಗ್ಗೆ ವಾಟ್ಸಾಪ್‌ನಲ್ಲಿ ಬೇಕಾದಷ್ಟು ಓಡಾಡಿತು. ಆದರೆ ಆ ಸೈರನ್ ಕೂಗಿದ ಮೇಲೆ ಬೀದಿಯಲ್ಲೇ ಇರಬೇಕಾದವರ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ.

ಅವರೇ ವಾರ್ಡನ್‌ಗಳು. ಪೊಲೀಸರಲ್ಲ, ಸೈನಿಕರಲ್ಲ. ಅದೇ ಬೀದಿಯ ಅಂಗಡಿಯವರು, ಗುಮಾಸ್ತರು, ಮೇಷ್ಟ್ರು, ಗೃಹಿಣಿಯರು. ಈ ಕೆಲಸ ಹೇಗೆ ನಡೆಯುತ್ತಿತ್ತು, ಅದರಲ್ಲಿ ಜೀವ ಹೋಗುತ್ತಿದ್ದುದು ಹೇಗೆ ಅಂತ ತಿಳಿಯಬೇಕಾದರೆ ಎರಡನೇ ಮಹಾಯುದ್ಧದ ಇಂಗ್ಲೆಂಡಿಗೇ ಹೋಗಬೇಕು. ಇವತ್ತು ನಮ್ಮಲ್ಲಿರುವ ವ್ಯವಸ್ಥೆಯ ಬೇರು ಅಲ್ಲಿದೆ.

ಈ ಹುದ್ದೆ ಹುಟ್ಟಿದ್ದು ಯಾಕೆ?

ಮೊದಲನೇ ಮಹಾಯುದ್ಧದಲ್ಲೇ ಜರ್ಮನಿಯ ಜೆಪ್ಪೆಲಿನ್‌ಗಳು, ಅಂದರೆ ಅನಿಲ ತುಂಬಿದ ಭಾರೀ ಆಕಾಶನೌಕೆಗಳು, ಆಮೇಲೆ ದೊಡ್ಡ ವಿಮಾನಗಳು ಬ್ರಿಟನ್ ಮೇಲೆ ಬಾಂಬ್ ಹಾಕಿದ್ದವು. ಆ ದಾಳಿಗಳಲ್ಲಿ ಸುಮಾರು 1,400 ಜನ ಸತ್ತರು. ಆಗ ಎಚ್ಚರಿಕೆ ಕೊಡುತ್ತಿದ್ದ ರೀತಿ ಕೇಳಿದರೆ ಈಗ ನಗು ಬರುತ್ತದೆ. ಲಂಡನ್ನಿನ ಪೊಲೀಸರು ಎದೆಗೊಂದು ಬೋರ್ಡ್ ತಗಲಿಸಿಕೊಂಡು ಸೈಕಲ್ ತುಳಿಯುತ್ತಾ ಬೀದಿ ಬೀದಿ ಸುತ್ತುತ್ತಿದ್ದರು. ಬೋರ್ಡಿನ ಮೇಲೆ 'ಅಡಗಿಕೊಳ್ಳಿ' ಅಂತ ಬರೆದಿರುತ್ತಿತ್ತು. ಅಪಾಯ ಕಳೆದ ಮೇಲೆ ಸ್ಕೌಟ್ ಹುಡುಗರು ಬಂದು ತುತ್ತೂರಿ ಊದುತ್ತಿದ್ದರು.

ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ವಿಮಾನಗಳ ವೇಗವೂ ಹೆಚ್ಚಿತು, ಹೊರುವ ಶಕ್ತಿಯೂ ಹೆಚ್ಚಿತು. ಏನೇ ಮಾಡಿದರೂ ಬಾಂಬರ್ ವಿಮಾನ ಒಳಗೆ ನುಗ್ಗಿಯೇ ನುಗ್ಗುತ್ತದೆ ಅಂತ ಬ್ರಿಟನ್ನಿನ ನಾಯಕ ಸ್ಟ್ಯಾನ್ಲಿ ಬಾಲ್ಡ್‌ವಿನ್ 1932ರಲ್ಲಿ ಸಂಸತ್ತಿನಲ್ಲೇ ಹೇಳಿದ್ದರು. ದಾಳಿಯನ್ನು ಪೂರ್ತಿ ತಡೆಯೋದು ಆಗದ ಮಾತು ಅಂತಾದರೆ, ಬಾಂಬ್ ಬಿದ್ದ ಮೇಲೆ ಏನು ಮಾಡಬೇಕು ಅನ್ನೋದಕ್ಕಾದರೂ ತಯಾರಿ ಬೇಕಲ್ವಾ? ಆ ತಯಾರಿಗೆ ಇಟ್ಟ ಹೆಸರು ಏರ್ ರೇಡ್ ಪ್ರಿಕಾಷನ್ಸ್, ಅಂದರೆ ವಾಯುದಾಳಿಯ ಮುನ್ನೆಚ್ಚರಿಕೆ. ಚಿಕ್ಕದಾಗಿ ಎ.ಆರ್.ಪಿ. 1937ರಲ್ಲಿ ವಾರ್ಡನ್ ಸೇವೆ ಶುರುವಾಯಿತು. ಊರಾಡಳಿತಗಳು ಇದನ್ನೆಲ್ಲ ಮಾಡಲೇಬೇಕು ಅನ್ನುವ ಕಾಯಿದೆ 1938ರ ಜನವರಿ 1ರಿಂದ ಜಾರಿಗೆ ಬಂತು.

ಆಗ ಎಲ್ಲರಿಗೂ ಇದ್ದ ದೊಡ್ಡ ಭಯ ವಿಷಾನಿಲದ್ದು. 1938ರ ಸೆಪ್ಟೆಂಬರ್ ಹೊತ್ತಿಗೆ ಸುಮಾರು 3.8 ಕೋಟಿ ಗ್ಯಾಸ್ ಮಾಸ್ಕ್ ಹಂಚಿದರು. ವಿಷಾನಿಲ ಬಂದಿದೆ ಅಂತ ಸಾರೋದಕ್ಕೆ ವಾರ್ಡನ್‌ಗಳಿಗೆ ಮರದ ಗಿರಗಟ್ಟೆ ಕೊಟ್ಟರು, ಅಪಾಯ ಹೋಯಿತು ಅನ್ನೋದಕ್ಕೆ ಕೈಗಂಟೆ. ಯುದ್ಧ ಮುಗಿಯುವವರೆಗೂ ಬ್ರಿಟನ್ ಮೇಲೆ ವಿಷಾನಿಲ ಬೀಳಲೇ ಇಲ್ಲ. ಬಿದ್ದದ್ದು ಸಿಡಿಯುವ ಬಾಂಬ್ ಮತ್ತು ಬೆಂಕಿ ಹಚ್ಚುವ ಬಾಂಬ್.

ಅದೇ ಬೀದಿಯವರೇ ಯಾಕೆ ಬೇಕು?

ಒಂದು ಮನೆ ಕುಸಿದು ಬಿದ್ದಿದೆ ಅಂದುಕೊಳ್ಳಿ. ರಕ್ಷಣಾ ತಂಡ ಬಂದು ನಿಂತಾಗ ಅವರ ಮೊದಲ ಪ್ರಶ್ನೆ ಒಂದೇ: ಒಳಗೆ ಎಷ್ಟು ಜನ ಇದ್ದಾರೆ, ಎಲ್ಲಿದ್ದಾರೆ? ಇದಕ್ಕೆ ಉತ್ತರ ಸಿಕ್ಕರೆ ಸರಿಯಾದ ಜಾಗದಲ್ಲಿ ಅಗೆಯಬಹುದು. ಸಿಗದಿದ್ದರೆ ಖಾಲಿ ಕೋಣೆಯ ಇಟ್ಟಿಗೆ ತೆಗೆಯುತ್ತಾ ಹೊತ್ತು ಕಳೆದುಹೋಗುತ್ತದೆ. ಆ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಮಣ್ಣಿನಡಿ ಸಿಕ್ಕಿಕೊಂಡವರು ಉಸಿರುಕಟ್ಟಿ ಸಾಯುತ್ತಾರೆ.

ಈ ಉತ್ತರ ವಾರ್ಡನ್ ಹತ್ತಿರ ಇರಬೇಕಿತ್ತು. ನಮ್ಮ ಆಶಾ ಕಾರ್ಯಕರ್ತೆಗೆ ತನ್ನ ಊರಿನ ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಅಜ್ಜಿಗೆ ಬಿ.ಪಿ. ಇದೆ ಅಂತ ಗೊತ್ತಿರುತ್ತದಲ್ಲ, ಹಾಗೆ. ಯಾರು ಮೆಟ್ಟಿಲ ಕೆಳಗೆ ಮಲಗುತ್ತಾರೆ, ಯಾರು ಹಿತ್ತಲಿನ ಶೆಲ್ಟರ್‌ಗೆ (ಬಾಂಬಿನಿಂದ ತಪ್ಪಿಸಿಕೊಳ್ಳುವ ಅಡಗುತಾಣಕ್ಕೆ) ಹೋಗುತ್ತಾರೆ, ಯಾರು ಏನೇ ಆಗಲಿ ಹಾಸಿಗೆ ಬಿಟ್ಟು ಏಳೋದಿಲ್ಲ, ಯಾರ ಮನೆಯ ಮಗ ರಾತ್ರಿ ಪಾಳಿಯಲ್ಲಿದ್ದಾನೆ, ಇಷ್ಟನ್ನೂ ವಾರ್ಡನ್ ತಿಳಿದಿಟ್ಟುಕೊಂಡಿರಬೇಕು. ಜೊತೆಗೆ ಗ್ಯಾಸ್ ಪೈಪಿನ ವಾಲ್ವ್ ಎಲ್ಲಿದೆ, ನೀರಿನ ನಲ್ಲಿ ಎಲ್ಲಿದೆ, ಹತ್ತಿರದ ಫೋನ್ ಯಾರ ಮನೆಯಲ್ಲಿದೆ ಅನ್ನೋದೂ ಗೊತ್ತಿರಬೇಕು. ಇದಕ್ಕಾಗಿಯೇ ಊರನ್ನು ಸಣ್ಣ ಸಣ್ಣ ವಲಯಗಳಾಗಿ ಮಾಡಿ, ವಲಯಕ್ಕೊಂದು ವಾರ್ಡನ್ ಪೋಸ್ಟ್ ಇಟ್ಟಿದ್ದರು. ಪೋಸ್ಟ್ ಅಂದರೆ ದೊಡ್ಡ ಕಚೇರಿಯೇನಲ್ಲ. ಯಾವುದೋ ಅಂಗಡಿ, ನೆಲಮಾಳಿಗೆ, ಯಾರದೋ ಮನೆಯ ಮುಂದಿನ ಕೋಣೆ, ಇಲ್ಲವೇ ಮರಳು ಚೀಲ ಜೋಡಿಸಿದ ಇಟ್ಟಿಗೆ ಗೂಡು.

ಯುದ್ಧದ ವರ್ಷಗಳಲ್ಲಿ ಸುಮಾರು 14 ಲಕ್ಷ ಜನ ಬ್ರಿಟನ್ನಿನಲ್ಲಿ ವಾರ್ಡನ್ ಕೆಲಸ ಮಾಡಿದರು. ಆರು ಜನರಲ್ಲಿ ಒಬ್ಬರು ಹೆಂಗಸರು. ಬಹುಪಾಲು ಮಂದಿಗೆ ಸಂಬಳವಿಲ್ಲ. ಹಗಲು ಅವರವರ ಕೆಲಸ, ರಾತ್ರಿ ಈ ಕೆಲಸ. ಪೂರ್ಣಾವಧಿಯ ಕೆಲವರಿಗೆ ಮಾತ್ರ ಕೂಲಿ: ಗಂಡಸರಿಗೆ ವಾರಕ್ಕೆ 3 ಪೌಂಡ್, ಹೆಂಗಸರಿಗೆ 2 ಪೌಂಡ್. ಬೀಳುವ ಬಾಂಬ್ ಮಾತ್ರ ಇಬ್ಬರಿಗೂ ಒಂದೇ.

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಪ್ರದೇಶದಲ್ಲಿ ವಾರ್ಡನ್ ಆಗಿದ್ದವರಲ್ಲಿ ಮುಂದೆ ಭಾರತದ ರಕ್ಷಣಾ ಸಚಿವರಾದ ವಿ.ಕೆ. ಕೃಷ್ಣ ಮೆನನ್ ಕೂಡ ಒಬ್ಬರು. ಆಗ ಅವರು ಅಲ್ಲಿನ ಕೌನ್ಸಿಲರ್.

ದೀಪ ಆರಿಸಿ ಅಂತ ಬೈಸಿಕೊಂಡ ದಿನಗಳು

1939ರ ಸೆಪ್ಟೆಂಬರ್ 1ರಿಂದ ಬ್ಲ್ಯಾಕ್‌ಔಟ್ ಜಾರಿಯಾಯಿತು. ರಾತ್ರಿ ಆಕಾಶದಿಂದ ನೋಡಿದರೆ ಊರು ಎಲ್ಲಿದೆ ಅಂತ ಗೊತ್ತಾಗಬಾರದು, ಅಷ್ಟೇ ಉದ್ದೇಶ. ಬೀದಿ ದೀಪ ಇಲ್ಲ, ಕಿಟಕಿಗೆ ದಪ್ಪ ಪರದೆ, ಕಾರಿನ ದೀಪಕ್ಕೆ ಮುಸುಕು. ಪರದೆಯ ಸಂದಿಯಿಂದ ಒಂದು ಗೆರೆ ಬೆಳಕು ಬಂದರೂ ವಾರ್ಡನ್ ಬಾಗಿಲು ಬಡಿಯುತ್ತಿದ್ದರು. ಮೊದಲ ಒಂದು ವರ್ಷ ಲಂಡನ್ ಮೇಲೆ ಹೇಳಿಕೊಳ್ಳುವಂಥ ದಾಳಿಯೇ ಆಗಲಿಲ್ಲ. ಹಾಗಾಗಿ ಜನರ ಕಣ್ಣಿಗೆ ಇವರು ಕೆಲಸವಿಲ್ಲದೆ ಪರರ ಮನೆ ಇಣುಕುವವರ ಥರ ಕಂಡರು. ಸುಮ್ನೆ ಕೂತು ಸಂಬಳ ತಗೊಳ್ಳುತ್ತಾರೆ ಅನ್ನುವ ಮಾತೂ ಬಂತು.

1940ರ ಸೆಪ್ಟೆಂಬರ್ 7ರ ಸಂಜೆ ಆ ಮಾತು ನಿಂತಿತು. ಅವತ್ತಿನಿಂದ 57 ರಾತ್ರಿಗಳಲ್ಲಿ ಒಂದನ್ನು ಬಿಟ್ಟು ಎಲ್ಲ ರಾತ್ರಿಯೂ ಲಂಡನ್ ಮೇಲೆ ಬಾಂಬ್ ಬಿತ್ತು. ಇದನ್ನೇ 'ಬ್ಲಿಟ್ಜ್' ಅನ್ನುವುದು. 1941ರ ಮೇ ತಿಂಗಳಲ್ಲಿ ಅದು ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ 40 ಸಾವಿರಕ್ಕೂ ಹೆಚ್ಚು ನಾಗರಿಕರು ಸತ್ತಿದ್ದರು.

ಸೈರನ್ ಕೂಗಿದ ಮೇಲೆ ವಾರ್ಡನ್ ಏನು ಮಾಡುತ್ತಿದ್ದರು?

ಏರಿ ಇಳಿಯುವ ಸೈರನ್ ಅಂದರೆ ವಿಮಾನ ಬರುತ್ತಿದೆ. ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು. ಮೊದಲನೆಯದು ಕೇಳಿದೊಡನೆ ವಾರ್ಡನ್ ತಲೆಗೆ ಉಕ್ಕಿನ ಹೆಲ್ಮೆಟ್ ಹಾಕಿಕೊಂಡು ಹೊರಡುತ್ತಿದ್ದರು. ಹೆಲ್ಮೆಟ್ಟಿನ ಮುಂದೆ ಇಂಗ್ಲಿಷಿನ ಡಬ್ಲ್ಯು ಅಕ್ಷರ. ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ಮಬ್ಬು ಬೆಳಕಿನ ಟಾರ್ಚ್, ಹೆಗಲಿಗೆ ಗ್ಯಾಸ್ ಮಾಸ್ಕ್. ಜನರನ್ನು ಶೆಲ್ಟರ್‌ಗೆ ಕಳಿಸುವುದು, ಅಲ್ಲಿ ಗಲಾಟೆಯಾಗದಂತೆ ನೋಡಿಕೊಳ್ಳುವುದು, ನಡೆಯಲಾಗದವರ ಕೈಹಿಡಿಯುವುದು, ಇವು ಮೊದಲ ಕೆಲಸ.

ಬಾಂಬ್ ಬಿದ್ದಾಗ ಇನ್ನೊಂದು ಕೆಲಸ ಶುರುವಾಗುತ್ತಿತ್ತು. ನಿಗದಿಪಡಿಸಿದ ಒಂದು ನಮೂನೆಯಲ್ಲಿ ಚುಟುಕು ವರದಿ ಬರೆಯಬೇಕು. ಎಲ್ಲಿ ಬಿತ್ತು, ಎಂಥ ಬಾಂಬ್, ಎಷ್ಟು ಜನಕ್ಕೆ ಪೆಟ್ಟು, ಎಷ್ಟು ಜನ ಒಳಗೆ ಸಿಕ್ಕಿಕೊಂಡಿದ್ದಾರೆ, ಬೆಂಕಿ ಇದೆಯೇ, ಗ್ಯಾಸ್ ಅಥವಾ ನೀರಿನ ಪೈಪ್ ಒಡೆದಿದೆಯೇ, ರಸ್ತೆ ಬಂದ್ ಆಗಿದೆಯೇ. ಈ ವರದಿ ಫೋನಿನಲ್ಲಿ ಕಂಟ್ರೋಲ್ ರೂಮ್‌ಗೆ ಹೋಗಬೇಕು. ಫೋನ್ ಸತ್ತಿದ್ದರೆ ಸೈಕಲ್ ಮೇಲೆ ಹುಡುಗರು ಒಯ್ಯಬೇಕು. ಅಲ್ಲಿ ಕೂತವರು ಯಾವ ಬೀದಿಗೆ ಆಂಬುಲೆನ್ಸ್, ಯಾವ ಬೀದಿಗೆ ಅಗ್ನಿಶಾಮಕ ದಳ ಅಂತ ತೀರ್ಮಾನಿಸುತ್ತಿದ್ದುದು ಇದನ್ನು ನೋಡಿಯೇ. ಒಂದೇ ರಾತ್ರಿ ನೂರು ಕಡೆ ಬಾಂಬ್ ಬಿದ್ದಾಗ ವರದಿ ತಪ್ಪಾಗಿದ್ದರೆ ಇರುವ ಒಂದು ಆಂಬುಲೆನ್ಸ್ ಬೇಡದ ಕಡೆಗೆ ಹೋಗುತ್ತದೆ. ನನ್ನ ಲೆಕ್ಕದಲ್ಲಿ ವಾರ್ಡನ್ನಿನ ಅತಿ ದೊಡ್ಡ ಸಾಧನ ಸೀಟಿಯಲ್ಲ, ಪೆನ್ಸಿಲ್.

ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ನಿಲ್ಲುವ ಹಾಗೂ ಇಲ್ಲ. ರಕ್ತ ನಿಲ್ಲಿಸಬೇಕು. ಬೆಂಕಿ ಬಾಂಬ್ ಬಿದ್ದಿದ್ದರೆ ಮರಳು ಚೀಲ ಎತ್ತಿ ಹಾಕಬೇಕು, ಬಕೆಟ್ಟಿಗೆ ಇಳಿಬಿಟ್ಟ ಕೈಪಂಪಿನಿಂದ ನೀರು ಹೊಡೆಯಬೇಕು. ಆ ಬೆಂಕಿ ಬಾಂಬ್ ನೋಡಲು ಚಿಕ್ಕದು, ಸುಮಾರು ಒಂದು ಕಿಲೋ. ಆದರೆ ಒಂದೊಂದು ವಿಮಾನ ನೂರಾರನ್ನು ಸುರಿಯುತ್ತಿತ್ತು.

ಸಿಡಿಯದ ಬಾಂಬ್ ಜಾಸ್ತಿ ಅಪಾಯಕಾರಿ ಯಾಕೆ?

ಬಿದ್ದ ಕೂಡಲೇ ಸಿಡಿಯದ ಬಾಂಬ್‌ಗಳಲ್ಲಿ ಎರಡು ಬಗೆ. ಒಂದು, ಕೆಟ್ಟು ಹೋದದ್ದು. ಇನ್ನೊಂದು, ಬೇಕೆಂದೇ ತಡವಾಗಿ ಸಿಡಿಯುವಂತೆ ಮಾಡಿದ್ದು. ಬಾಂಬನ್ನು ಸಿಡಿಸುವ ಕೀಲಿಗೆ ಫ್ಯೂಸ್ ಅನ್ನುತ್ತಾರೆ. ಜರ್ಮನ್ನರ ಒಂದು ಬಗೆಯ ಫ್ಯೂಸಿನೊಳಗೆ ಗಡಿಯಾರದ ಯಂತ್ರವಿತ್ತು. ಕೆಲವು ಗಂಟೆಗಳಿಂದ ಹಿಡಿದು ಮೂರು ದಿನದವರೆಗೆ ಅದರಲ್ಲಿ ಹೊತ್ತು ಇಡಬಹುದಿತ್ತು. ಇನ್ನೊಂದು ಬಗೆಯ ಫ್ಯೂಸ್ ಬಾಂಬ್ ನೆಲದಲ್ಲಿ ಕೂತ ಮೇಲೆ ಯಾರಾದರೂ ಅಲುಗಾಡಿಸಿದರೆ ಸಿಡಿಯುತ್ತಿತ್ತು.

ಯಾಕೆ ಹೀಗೆ? ಸಿಡಿದು ಹೋದ ಬಾಂಬ್ ಒಂದು ಮನೆಯನ್ನೋ ಎರಡು ಮನೆಯನ್ನೋ ಕೆಡವುತ್ತದೆ. ಸಿಡಿಯದೆ ಕೂತದ್ದು ಇಡೀ ಬೀದಿಯನ್ನು ಖಾಲಿ ಮಾಡಿಸುತ್ತದೆ. ರೈಲು ನಿಲ್ಲುತ್ತದೆ, ಕಾರ್ಖಾನೆ ಬಾಗಿಲು ಹಾಕುತ್ತದೆ. 1940ರ ಸೆಪ್ಟೆಂಬರ್ 12ರಂದು ಲಂಡನ್ನಿನ ಸೇಂಟ್ ಪಾಲ್ ಕ್ಯಾಥೆಡ್ರಲ್ ಪಕ್ಕದಲ್ಲಿ ಇಂಥದ್ದೊಂದು ಭಾರೀ ಬಾಂಬ್ ಬಿದ್ದು ನೆಲದೊಳಗೆ ಹೂತುಹೋಯಿತು. ಅದನ್ನು ಅಗೆದು ತೆಗೆಯಲು ಸೇನೆಯ ಎಂಜಿನಿಯರುಗಳಿಗೆ ಮೂರು ದಿನ ಹಿಡಿಯಿತು.

ಹೊರಗೆ ನಿಂತು ನೋಡುವ ವಾರ್ಡನ್‌ಗೆ ಇದು ಯಾವ ಬಗೆ ಅಂತ ತಿಳಿಯುವ ದಾರಿಯೇ ಇಲ್ಲ. ನೆಲದಲ್ಲಿ ಒಂದು ತೂತು ಕಾಣುತ್ತದೆ, ಅಷ್ಟೇ. ನಿಯಮ ಸರಳ: ಸುತ್ತಲಿನವರನ್ನು ಎಬ್ಬಿಸಿ ದೂರ ಕಳಿಸಿ, ರಸ್ತೆಗೆ ಹಗ್ಗ ಕಟ್ಟಿ, ವರದಿ ಮಾಡಿ. ಈ ಮೂರರಲ್ಲಿ ಮೊದಲನೆಯದನ್ನು ಮಾಡಬೇಕಾದರೆ ಬಾಂಬಿನ ಕಡೆಗೇ ನಡೆಯಬೇಕು.

ಇಲ್ಫರ್ಡ್, 1940ರ ಸೆಪ್ಟೆಂಬರ್ 21

ಲಿಯೊನಾರ್ಡ್ ಜಾನ್ ಮೈಲ್ಸ್ ಇಲ್ಫರ್ಡ್‌ನಲ್ಲಿ ವಾರ್ಡನ್ ಆಗಿದ್ದರು. ಆಗ ಅದು ಎಸೆಕ್ಸ್‌ಗೆ ಸೇರಿದ ಊರು, ಈಗ ಪೂರ್ವ ಲಂಡನ್ನಿನ ಭಾಗ. ಬ್ಲಿಟ್ಜ್ ಶುರುವಾಗಿ ಎರಡು ವಾರ ಆಗಿತ್ತು. ಅವರು ಕೆಲಸದಲ್ಲಿದ್ದಾಗ ಹತ್ತಿರದಲ್ಲೇ ಸಿಡಿಯದ ಬಾಂಬ್ ಇದೆ ಅನ್ನುವ ಸುದ್ದಿ ಬಂತು. ಸಾರ್ವಜನಿಕ ಶೆಲ್ಟರ್ ಪಕ್ಕದಲ್ಲೇ ಇತ್ತು. ಓಡಿ ಒಳಗೆ ಸೇರಿಕೊಂಡಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ಆಸುಪಾಸಿನ ಮನೆಗಳಲ್ಲಿ ಜನ ಇನ್ನೂ ಒಳಗಿದ್ದಾರೆ ಅಂತ ಮೈಲ್ಸ್‌ಗೆ ಗೊತ್ತಿತ್ತು. ಅವರು ಅಪಾಯದ ಕಡೆಗೇ ಓಡಿದರು, ಮನೆಯವರಿಗೆ ಎಚ್ಚರಿಕೆ ಕೊಡುತ್ತಾ ಹೋದರು. ಕೆಲವರಿಗೆ ಹೇಳಿದ್ದಾಗಿತ್ತು, ಇನ್ನೂ ಹೇಳುತ್ತಿದ್ದರು. ಅಷ್ಟರಲ್ಲಿ ಬಾಂಬ್ ಸಿಡಿಯಿತು.

ಸ್ಫೋಟಕ್ಕೆ ಗ್ಯಾಸ್ ಪೈಪ್ ಒಡೆದು ಬೆಂಕಿ ಹತ್ತಿಕೊಂಡಿತು. ತೀವ್ರವಾಗಿ ಗಾಯಗೊಂಡು ಬಿದ್ದಿದ್ದ ಮೈಲ್ಸ್‌ಗೆ ಪ್ರಜ್ಞೆ ಇತ್ತು. ನೋವು ಎದ್ದು ಕಾಣುತ್ತಿತ್ತು. ಹತ್ತಿರ ಬಂದ ಜೊತೆ ವಾರ್ಡನ್‌ಗೆ ಅವರು ಕೇಳಿಕೊಂಡದ್ದು ಒಂದೇ: ಮೊದಲು ಆ ಬೆಂಕಿ ನೋಡು. ಆಂಬುಲೆನ್ಸ್ ಬಂತು, ಆದರೆ ಆ ಗಾಯಗಳಿಂದಲೇ ಅವರು ತೀರಿಕೊಂಡರು.

ಈ ಮಾತನ್ನು ಬರೀ ಧೈರ್ಯ ಅಂತ ಓದಿಕೊಂಡರೆ ಅರ್ಧ ಮಾತ್ರ ಸಿಗುತ್ತದೆ. ಉರಿಯುವ ಗ್ಯಾಸ್ ಪೈಪ್ ಪಕ್ಕದ ಮನೆಗಳಿಗೆ ಬೆಂಕಿ ಹಬ್ಬಿಸುತ್ತದೆ, ರಾತ್ರಿಯಾದರೆ ಮೇಲಿನ ವಿಮಾನಗಳಿಗೆ ಗುರಿ ತೋರಿಸುತ್ತದೆ. ಯಾವುದು ಇನ್ನಷ್ಟು ಜನರನ್ನು ಕೊಲ್ಲಬಹುದೋ ಅದನ್ನು ಮೊದಲು ನೋಡಬೇಕು. ಬಿದ್ದ ಜಾಗದಲ್ಲೂ ಮೈಲ್ಸ್ ಅದನ್ನೇ ಲೆಕ್ಕ ಹಾಕುತ್ತಿದ್ದಂತೆ ಕಾಣುತ್ತದೆ.

ಅವರಿಗೆ ಜಾರ್ಜ್ ಕ್ರಾಸ್ ಪದಕ ಸಿಕ್ಕಿತು. ವಿಚಿತ್ರ ಏನೆಂದರೆ, ಅವರು ಗಾಯಗೊಂಡ ದಿನ ಆ ಪದಕ ಇರಲೇ ಇಲ್ಲ. ರಣರಂಗದಲ್ಲಿ ಶತ್ರುವಿನೆದುರು ಹೋರಾಡಿದವರಿಗೆ ವಿಕ್ಟೋರಿಯಾ ಕ್ರಾಸ್ ಇತ್ತು. ಆದರೆ ಊರೇ ರಣರಂಗವಾದಾಗ ಪೈಜಾಮದ ಮೇಲೆ ಕೋಟು ಹಾಕಿಕೊಂಡು ಬೀದಿಗಿಳಿದವರಿಗೆ ಕೊಡಲು ಅದಕ್ಕೆ ಸಮನಾದದ್ದು ಬೇಕಾಯಿತು. ದೊರೆ ಆರನೇ ಜಾರ್ಜ್ ಇದನ್ನು ಸ್ಥಾಪಿಸಿದ್ದು 1940ರ ಸೆಪ್ಟೆಂಬರ್ 24ರಂದು, ಇಲ್ಫರ್ಡ್ ಘಟನೆಯ ಮೂರು ದಿನದ ನಂತರ.

ವಾರ್ಡನ್‌ಗಳು ಸಾಯುತ್ತಿದ್ದುದು ಹೇಗೆ?

ಮೈಲ್ಸ್ ಥರದವರು ಒಬ್ಬಿಬ್ಬರಲ್ಲ. ಇಡೀ ಯುದ್ಧದಲ್ಲಿ ಬ್ರಿಟನ್ನಿನ ಸಿವಿಲ್ ಡಿಫೆನ್ಸ್‌ನ ಸುಮಾರು 2,400 ಮಂದಿ ಶತ್ರು ದಾಳಿಯಲ್ಲಿ ಸತ್ತರು. ವಾರ್ಡನ್‌ಗಳ ಜೊತೆ ರಕ್ಷಣಾ ತಂಡ, ಪ್ರಥಮ ಚಿಕಿತ್ಸೆ, ಆಂಬುಲೆನ್ಸ್ ಚಾಲಕಿಯರು ಎಲ್ಲ ಈ ಲೆಕ್ಕದಲ್ಲಿದ್ದಾರೆ.

ಬಾಂಬ್ ನೇರವಾಗಿ ಮೇಲೆ ಬಿದ್ದರೆ ಮಾತ್ರ ಸಾವು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಸ್ಫೋಟವಾದಾಗ ಗಾಳಿಯ ಒತ್ತಡದ ಅಲೆಯೊಂದು ಹೊರಡುತ್ತದೆ. ಅದು ಶ್ವಾಸಕೋಶವನ್ನೇ ಹರಿಯಬಹುದು. ಮೈಮೇಲೆ ಒಂದು ಗೀರೂ ಇಲ್ಲದೆ ಸತ್ತವರಿದ್ದರು. ಆ ಅಲೆಯ ಜೊತೆ ಗಾಜು, ಇಟ್ಟಿಗೆ, ಹೆಂಚು ಹಾರಿಬರುತ್ತವೆ. ಬಾಂಬಿನ ಕವಚದ ಚೂರುಗಳು ಬೇರೆ. ಇಷ್ಟು ಸಾಲದು ಅಂತ ತಮ್ಮದೇ ಸೇನೆಯ ವಿಮಾನ ನಿರೋಧಕ ಫಿರಂಗಿ ಮೇಲೆ ಹಾರಿಸಿದ ಗುಂಡಿನ ಚೂರುಗಳೂ ಕೆಳಗೆ ಬೀಳಲೇಬೇಕಲ್ಲ. ಹೆಲ್ಮೆಟ್ ತಡೆಯುತ್ತಿದ್ದುದು ಹೆಚ್ಚಾಗಿ ಇಂಥವನ್ನೇ. ಶೆಲ್ಟರ್ ಒಳಗಿದ್ದವರಿಗೆ ಇವುಗಳಿಂದೆಲ್ಲ ರಕ್ಷಣೆ ಇತ್ತು. ವಾರ್ಡನ್‌ಗೆ ಇರಲಿಲ್ಲ. ಬಾಂಬ್ ಬಿದ್ದು ಸ್ವಲ್ಪ ಹೊತ್ತಿನ ನಂತರ ಕುಸಿಯುವ ಗೋಡೆಯೂ ಕೊಂದಿದೆ.

ಸತ್ತವರ ಲೆಕ್ಕ, ಮನೆಯವರ ಪಾಡು

ಸೈನಿಕ ಸತ್ತರೆ ಸಮಾಧಿ, ಪಿಂಚಣಿ, ಸ್ಮಾರಕ ಇವೆಲ್ಲಕ್ಕೂ ದಾರಿ ಇತ್ತು. ಸಂಬಳವಿಲ್ಲದ ನಾಗರಿಕ ಸತ್ತರೆ? ಇದಕ್ಕಾಗಿ 1939ರಲ್ಲೇ ಬ್ರಿಟನ್ ಒಂದು ಪರಿಹಾರ ಯೋಜನೆ ಮಾಡಿತು. ಸಿವಿಲ್ ಡಿಫೆನ್ಸ್ ಸ್ವಯಂಸೇವಕರಿಗೂ ಅದು ಅನ್ವಯಿಸುತ್ತಿತ್ತು. ಅಲ್ಲೂ ಹೆಂಗಸರ ಗಾಯಕ್ಕೆ ಕಡಿಮೆ ದರ. ಸಂಸತ್ತಿನ ಮಹಿಳಾ ಸದಸ್ಯರು ಜಗಳವಾಡಿ 1943ರಲ್ಲಿ ಅದನ್ನು ಸಮ ಮಾಡಿಸಿದರು.

ಸತ್ತ ನಾಗರಿಕರ ಹೆಸರುಗಳನ್ನು ಯುದ್ಧ ಸಮಾಧಿ ಆಯೋಗವೇ ಬರೆದಿಟ್ಟಿತು. ಸುಮಾರು 67 ಸಾವಿರ ಹೆಸರುಗಳ ಆ ಏಳು ಸಂಪುಟಗಳು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿವೆ. ವಾರ್ಡನ್ ಆಗಿದ್ದವರ ಹೆಸರಿನ ಮುಂದೆ ಅದನ್ನೂ ಬರೆದಿದ್ದಾರೆ.

ನಮ್ಮಲ್ಲಿ ಈಗ ಏನಿದೆ?

ಎರಡನೇ ಮಹಾಯುದ್ಧದ ಬಾಂಬ್ ಭಾರತಕ್ಕೂ ಬಂತು. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ದಾಳಿ ಮಾಡಿದವು. ಅದೇ ಡಿಸೆಂಬರಿನಲ್ಲಿ ಕಲ್ಕತ್ತಾ. ನಮ್ಮ ಊರುಗಳಲ್ಲೂ ಎ.ಆರ್.ಪಿ. ವಾರ್ಡನ್‌ಗಳು ಓಡಾಡುತ್ತಿದ್ದುದು ಆ ಕಾಲದಲ್ಲೇ.

ಸ್ವತಂತ್ರ ಭಾರತದಲ್ಲಿ ಇದಕ್ಕೆ ಆಧಾರ 1968ರ ಸಿವಿಲ್ ಡಿಫೆನ್ಸ್ ಕಾಯಿದೆ. 2009ರಲ್ಲಿ ತಿದ್ದುಪಡಿ ತಂದು ಪ್ರವಾಹ, ಭೂಕಂಪದಂಥ ವಿಪತ್ತುಗಳನ್ನೂ ಸೇರಿಸಿದರು. ಸಿವಿಲ್ ಡಿಫೆನ್ಸ್‌ನ ಹನ್ನೆರಡು ಸೇವೆಗಳಲ್ಲಿ ವಾರ್ಡನ್ ಸೇವೆ ಒಂದು. ಚೀಫ್ ವಾರ್ಡನ್, ಡಿವಿಜನಲ್ ವಾರ್ಡನ್, ಪೋಸ್ಟ್ ವಾರ್ಡನ್, ಸೆಕ್ಟರ್ ವಾರ್ಡನ್ ಅಂತ ಮೇಲಿನಿಂದ ಕೆಳಗೆ ಸಾಲು. ನಿಮ್ಮ ಬೀದಿಗೆ ಹತ್ತಿರದವರು ಸೆಕ್ಟರ್ ವಾರ್ಡನ್. ಇಲ್ಲೂ ಇದು ಸ್ವಯಂಸೇವೆಯೇ. ಸೈರನ್ನಿನ ಭಾಷೆಯೂ ಅದೇ: ಏರಿಳಿತವಿದ್ದರೆ ಒಳಗೆ ಹೋಗಿ, ಒಂದೇ ಸಮ ಕೂಗಿದರೆ ಹೊರಗೆ ಬನ್ನಿ.

ಈ ಕೆಲಸ ಮಾಡುವವರ ಮೇಲೆ ಗುಂಡು ಹಾರಿಸಬಾರದು ಅಂತ ಅಂತಾರಾಷ್ಟ್ರೀಯ ಕಾನೂನು ಬರೆದುಕೊಂಡದ್ದು ತಡವಾಗಿ, 1977ರಲ್ಲಿ. ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಮೊದಲನೇ ಪ್ರೋಟೊಕಾಲ್‌ನಲ್ಲಿ ಸಿವಿಲ್ ಡಿಫೆನ್ಸ್‌ಗೆಂದೇ ಒಂದು ಅಧ್ಯಾಯವಿದೆ. ಗುರುತಿನ ಚಿಹ್ನೆ ಕಿತ್ತಳೆ ಬಣ್ಣದ ಮೇಲೆ ನೀಲಿ ತ್ರಿಕೋನ. ಭಾರತ ಆ ಪ್ರೋಟೊಕಾಲ್‌ಗೆ ಸೇರಿಲ್ಲ. ಆದರೆ ನಮ್ಮ ಸಿವಿಲ್ ಡಿಫೆನ್ಸ್‌ನವರ ಚಿಹ್ನೆಯೂ ಅದೇ ಕಿತ್ತಳೆ, ಅದೇ ನೀಲಿ. ಇನ್ನೊಮ್ಮೆ ಡ್ರಿಲ್ ನಡೆದಾಗ ಆ ಗುರುತು ಹಾಕಿಕೊಂಡವರು ನಿಮ್ಮ ಮನೆಗೆ ಬಂದು ರಾತ್ರಿ ಎಷ್ಟು ಜನ ಇರುತ್ತೀರಿ, ಎಲ್ಲಿ ಮಲಗುತ್ತೀರಿ ಅಂತ ಕೇಳಿದರೆ, ಕೇಳುವುದಕ್ಕೆ ಕಾರಣ ಇದೆ.